ಬೆಳ್ಳಗಿದ್ದ ನೀರು

2025ರ ಜೂನ್ 11, ಬುಧವಾರ, ಬೆಳಿಗ್ಗೆ 9.40. ನಾಗಮಂಗಲದ ಠಾಣೆಗೆ ಬಂದ ಗೂಡ್ಸ್ ಆಟೊ ಚಾಲಕ ಸಾದಿಕ್ ನಿಂತೇ ದೂರು ಹೇಳಿದ, ರೈಟರ್ ಬರೆದುಕೊಂಡರು. ಪಟ್ಟಣದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆಗಿದ್ದ ಅವನ ಹೆಂಡತಿ ಸುಮಯ್ಯ, ಹೊಲಿಗೆಯಲ್ಲಿ ಹಸಿರು ಕೀವು ತುಂಬಿ, ಹಿಂದಿನ ದಿನ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಮಗು ಉಳಿದಿತ್ತು.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಶಿವಶಂಕರ್ ಕೇಳಿದರು.

"ಅದ್ನ ನೀವು ಹೇಳ್ಬೇಕು ಸಾಬ್. ಯಾರ್ ಮಾಡುದ್ರು ಅಂತ ಗೊತ್ತಾಗ್ಬೇಕು, ಅಷ್ಟೇ."

"ಕೀವು ಕಂಡಾಗಲೇ ಮೈಸೂರಿಗೆ ಯಾಕೆ ಒಯ್ಯಲಿಲ್ಲ?"

"ಒಣಗ್ತದೆ ಅಂದ್ರು ಡಾಕ್ಟ್ರು."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ತಾಲ್ಲೂಕು ಆರೋಗ್ಯಾಧಿಕಾರಿಯ ಎದುರು ಪಂಚನಾಮೆ. ಆಪರೇಷನ್ ಥಿಯೇಟರನ್ನು ಹೆಣಕ್ಕೆ ಸ್ನಾನ ಮಾಡಿಸಿದ ಹಾಗೆ ತೊಳೆದಿಟ್ಟಿದ್ದರು. ಗಾಯ, ಕತ್ತರಿ ತೊಳೆಯುವ ಔಷಧಿಯ ಕ್ಯಾನು ಹೊಸದು, ಸೀಲು ಕೂಡ ಒಡೆದಿರಲಿಲ್ಲ; ಹಳೆಯ ಕ್ಯಾನುಗಳನ್ನು ತೊಳೆದು ಕವುಚಿದ್ದರು. ಆದರೆ ಹೆರಿಗೆ ಕೋಣೆಯ ಮಂಚದ ಕೆಳಗೆ ಒಂದು ಬೇಸಿನ್ ತೊಳೆಯದೆ ಉಳಿದಿತ್ತು. ಆ ಔಷಧಿ ನೀರಿಗೆ ಬಿದ್ದರೆ ಬೆಳ್ಳಗಾಗುತ್ತದೆ. ಬೇಸಿನ್ನಿನ ನೀರೂ ಬೆಳ್ಳಗಿತ್ತು, ತಳ ಕಾಣುವಷ್ಟು ಬೆಳ್ಳಗೆ.

"ಇಂಥಾ ಹಾಲು ತಂದ್ರೆ ನಮ್ಮೂರ್ ಡೇರಿಯೋರು ಕ್ಯಾನ್ ಸಮೇತ ಮನೆಗೆ ಓಡುಸ್ತಾರೆ ಸಾರ್," ಎಂದ ಕಾನ್‌ಸ್ಟೆಬಲ್ ಜವರಯ್ಯ. ಮಾದರಿ ತೆಗೆದು ಮೈಸೂರಿನ ಲ್ಯಾಬಿಗೆ ಕಳುಹಿಸಿ, ಥಿಯೇಟರಿಗೆ ಬೀಗಮುದ್ರೆ ಹಾಕಿದರು.

ಮಾಲೀಕ ಡಾ. ತಿಮ್ಮರಾಜು ವಕೀಲರನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು.

"ಈ ತಿಂಗಳು ಯಾರ್ಯಾರಿಗೆ ಆಪರೇಷನ್ ಆಗಿದೆ, ಹೆಸರು ಕೊಡಿ. ಅವರ ಹೊಲಿಗೆಗಳನ್ನೂ ನೋಡಿಸಬೇಕು."

"ಅದು ರೋಗಿಗಳ ಗೌಪ್ಯತೆ," ಎಂದರು ವಕೀಲರು. "ಕೋರ್ಟಿನಿಂದ ಆದೇಶ ತನ್ನಿ."

ಸತ್ತವಳ ಗಂಡ ಠಾಣೆಯ ಮುಂದೆ ಕೂತಿದ್ದಾನೆ, ಇವರಿಗೆ ಗೌಪ್ಯತೆ! ಶಿವಶಂಕರ್ ಅರ್ಜಿ ಹಾಕಿದರು. ಆದೇಶ ಬರಲಿಲ್ಲ.

ಜೂನ್ 16ರಂದು ಲ್ಯಾಬ್ ವರದಿ ಬಂತು. ಸುಮಯ್ಯಳ ಕೀವಿನಲ್ಲಿದ್ದ ಸ್ಯೂಡೊಮೊನಾಸ್ ಎಂಬ ರೋಗಾಣುವೇ ಬೇಸಿನ್ನಿನಲ್ಲೂ ಇತ್ತು. ಔಷಧಿ ತೆಳ್ಳಗಾದರೆ ಅದು ಸಾಯುವುದಿಲ್ಲ, ಅದರಲ್ಲೇ ಸಂಸಾರ ಹೂಡುತ್ತದೆ. ಔಷಧಿ ಬೆರೆಸುವವನು ಥಿಯೇಟರ್ ಅಟೆಂಡರ್ ಚಲುವರಾಜು, ದೇವಲಾಪುರದ ಕಡೆಯವನು ಎಂದು ನರ್ಸು ಹೇಳಿಕೆ ಕೊಟ್ಟಳು. ಮಧ್ಯಾಹ್ನ ಮೂರಕ್ಕೆ ಅವನನ್ನು ಕರೆತಂದರು.

"ಹಳೇ ಕ್ಯಾನುಗಳನ್ನ ಯಾಕೆ ತೊಳೆದೆ?"

"ಪೊಲೀಸ್ರು ಬತ್ತಾವ್ರೆ, ಗಲೀಜಿರಬಾರ್ದು ಅಂದ್ರು ಡಾಕ್ಟ್ರು."

"ಔಷಧಿಗೆ ನೀರು ಎಷ್ಟು ಹಾಕ್ತಿದ್ದೆ?"

"ಬೆಳ್ಳಗಿರೋಗಂಟ ಸಾರ್."

"ಅಂದ್ರೆ?"

"ಮನೇಲಿ ಹಾಲ್ಗೂ ಅಂಗೇ ಅಲ್ವಾ? ಬೆಳ್ಳಗಿದ್ರೆ ಹಾಲೇ. ಇದೂ ಬೆಳ್ಳಗೇ ಇತ್ತು, ವಾಸ್ನೇನೂ ಬತ್ತಿತ್ತು."

"ನೀರು ಹಾಕು ಅಂತ ಡಾಕ್ಟರು ಹೇಳಿದ್ರಾ?"

"ಇಲ್ಲ ಸಾರ್. ಇರೋದ್ರಲ್ಲೇ ಸುಧಾರಿಸು ಅಂದ್ರು."

ರೈಟರ್ ಪೆನ್ನು ನಿಂತಿತು. ಸುಧಾರಿಸು ಎಂದವನ ಮೇಲೆ ಯಾವ ಕಲಂ ಹಾಕುವುದು? ಡಾಕ್ಟರನ್ನು ಹಿಡಿಯಬೇಕಾದರೆ ಮೊದಲು ವೈದ್ಯರ ಮಂಡಳಿ ಕೂತು ತಪ್ಪಿದೆ ಎನ್ನಬೇಕು. ಅದು ಯಾವಾಗ ಕೂರುತ್ತದೋ ಮಂಡಳಿಗೇ ಗೊತ್ತಿಲ್ಲ. ಅಟೆಂಡರಿಗೆ ಯಾವ ಮಂಡಳಿಯೂ ಬೇಕಿಲ್ಲ. ನಿರ್ಲಕ್ಷ್ಯದ ಸಾವು, ಸಾಕ್ಷ್ಯನಾಶ. ಕೈಗೆ ಸಿಕ್ಕವನು ಅವನೇ.

"ಮತ್ತೆ ಹೊಸ ಕ್ಯಾನ್ ಕೇಳೋಕೇನಾಗಿತ್ತು ನಿಂಗೆ?" ಜವರಯ್ಯ ಗದರಿದ. "ಬಾಯಿರ್ಲಿಲ್ವೇನ್ಲಾ?"

"ಒಂದ್ಸಲ ಡಾಕ್ಟ್ರುನ್ನ ಕೇಳ್ದೆ ಅಣ್ಣ. ಸಗಣಿ ಬಾಚೋನು ನಂಗೇ ಆಸ್ಪತ್ರೆ ಕಲುಸ್ತಾನೆ ನೋಡ್ರಮ್ಮ ಅಂತ ನರ್ಸುಗಳ ಮುಂದೆ ನಕ್ಬುಟ್ರು. ಆಮೇಕೆ ಕೇಳಾಕಾಗ್ನಿಲ್ಲ."

ಅಷ್ಟೇ ಕಾರಣ. ಶಿವಶಂಕರ್ ಬೇರೆ ಕಾರಣ ಹುಡುಕಿ ನೋಡಿದರು, ಇರಲಿಲ್ಲ.

ಬಾಗಿಲಲ್ಲಿದ್ದ ಸಾದಿಕ್ ಒಳಗೆ ನುಗ್ಗಿದ. "ಇವ್ನೇನಾ?" ಜವರಯ್ಯ ಅಡ್ಡ ನಿಂತ. ಸಾದಿಕ್ ಅವನ ಭುಜದ ಮೇಲಿಂದ ಕೈ ಚಾಚಿ ಕೂಗಿದ: "ನಿಮ್ಮನೆ ಹೆಣ್ಮಕ್ಳಿಗೂ ಇದೇ ನೀರ್ ಹಾಕುಸ್ತೀಯೇನೋ?"

ಚಲುವರಾಜು ತಲೆಯೆತ್ತಿದ. "ನಮ್ ತಂಗಿ ರಮ್ಯಂಗೂ ಅಲ್ಲೇ ಆಪ್ರೇಸನ್ ಆಯ್ತಣ್ಣ, ಬೀಗ ಹಾಕೋ ಹಿಂದಿನ್ ದಿನ. ನಾನೇ ಸೇರ್ಸಿದ್ದು. ಊರ್ಗೆ ಕಳ್ಸವ್ರೆ."

ಸಾದಿಕ್ ಕೈ ಇಳಿಯಿತು. "ಹೊಲಿಗೆ ನೋಡ್ದಾ?"

"ಇಲ್ಲ."

"ಕೀವಿದ್ರೆ ಕಾಯ್ಬೇಡ್ರೋ. ನಾನ್ ಕಾದೆ."

ಸಂಜೆ 4.20ಕ್ಕೆ ದಸ್ತಗಿರಿ. ಮನೆಯವರಿಗೆ ತಿಳಿಸುವುದು ನಿಯಮ. ಶಿವಶಂಕರ್ ಅವನ ಮೊಬೈಲಿನಿಂದಲೇ ಕರೆ ಮಾಡಿ ಸ್ಪೀಕರಿಗೆ ಹಾಕಿದರು. ತಾಯಿ ಮಾಯಮ್ಮ ಎತ್ತಿದಳು.

"ಅವ್ವಾ, ರಮ್ಯನ ಹೊಲಿಗೆ ಎಂಗದೆ?"

"ಒಸಿ ಕೀವು ಕಣಪ್ಪ, ಜ್ವರಾನೂ ಅದೆ. ನೀನೇನೂ ಯೋಚ್ನೆ ಮಾಡ್ಬೇಡ. ಆಪ್ರೇಸನ್ ದಿನ ಬಾಟ್ಲಲ್ಲಿ ತುಂಬ್ಕೊಟ್ಟಿದ್ಯಲ್ಲ ಬಿಳೇ ಔಷ್ದಿ, ಅದ್ರಲ್ಲೇ ಒತ್ತಾರೆ ಸಾಯಂಕಾಲ ಒರುಸ್ತಾವ್ನಿ."