ಚಿಪ್ಪಿನ ಹೊಟ್ಟೆಯಡಿ ಹಳದಿ ಟೇಪು

ಎಳೆಗೂಸಿಗೆ ಉಸಿರು ಕೊಡುತ್ತಿದ್ದ ಪಂಪು ಇದ್ದಕ್ಕಿದ್ದಂತೆ ನಿಂತುಹೋಯಿತು. ವಾರ್ಡಿನ ನರ್ಸ್ ಗಾಬರಿಯಾಗಲಿಲ್ಲ. ಬದಲಿ ಪಂಪು ಬರುವವರೆಗೂ ಕೈಯಿಂದಲೇ ಗಾಳಿಚೀಲ ಒತ್ತುತ್ತಾ ಕೂಸನ್ನು ಉಳಿಸಿಕೊಂಡಳು. ಪಂಪು ಬಿಚ್ಚಿದಾಗ ಮೋಟಾರು ನಡೆಸುವ ಚಿಪ್ ಕರಕಲಾಗಿತ್ತು. ಅದರಡಿಯಲ್ಲಿ ಒಪ್ಪವಾಗಿ ಕತ್ತರಿಸಿದ ಹಳದಿ ಟೇಪಿನ ಚೂರು.

ಮಧ್ಯಾಹ್ನದ ಹೊತ್ತಿಗೆ ಇನ್‌ಸ್ಪೆಕ್ಟರ್ ಮೇಡಂ ಆ ಪಂಪು ತಯಾರಾದ ವರ್ಕ್‌ಶಾಪಿನಲ್ಲಿದ್ದರು.

"ಟೇಪಿಂದ ಏನು ತೊಂದರೆ?"

"ಚಿಪ್ಪಿನ ತಳದಲ್ಲಿ ಲೋಹದ ಬಿಲ್ಲೆ ಇರುತ್ತೆ ಮೇಡಂ. ನಾವು ಹೊಟ್ಟೆ ಅಂತೀವಿ," ಎಂದ ಯಜಮಾನ. "ಅದನ್ನ ಬೋರ್ಡಿನ ತಾಮ್ರಕ್ಕೆ ಬೆಸೆದರೆ ಬಿಸಿಯೆಲ್ಲ ಅಲ್ಲಿಗೆ ಇಳಿದುಹೋಗುತ್ತೆ. ನಡುವೆ ಟೇಪಿದ್ದರೆ ಒಳಗೇ ಕುದಿಯುತ್ತೆ."

"ಬೆಸೆಯೋದು ಯಾರು?"

"ಅಲ್ಲಿ ಕೂತಿರೋ ಕೆಲಸದವಳು ಒಬ್ಬಳೇ, ಎಲ್ಲರೂ ಅಕ್ಕ ಅಂತೀವಿ. ರಜೆ ಕೊಡಲಿಲ್ಲ ಅಂತ ಹೋದ ವಾರ ಜಗಳ ಆಡಿದ್ದಳು. ಟೇಪಿನ ಸುರುಳಿಯೂ ಅವಳ ಮೇಜಿನ ಮೇಲೇ ಇದೆ."

ಬೆಸುಗೆಯ ಅಕ್ಕ ತಲೆ ಎತ್ತಿದಳು. "ಜಗಳ ಆಡೋದಾದ್ರೆ ಬಾಯಲ್ಲೇ ಆಡ್ತೀನಿ ಮೇಡಂ, ಕೂಸಿನ ಉಸಿರಲ್ಲಿ ಅಲ್ಲ. ಈ ಕೈಗೆ ಬೇಡಿ ಬಿದ್ದರೆ ಮತ್ತೆ ಯಾರೂ ಕೆಲಸ ಕೊಡಲ್ಲ. ನಾನು ಬೆಸೆದು ಪರೀಕ್ಷೆಗೆ ಕೊಟ್ಟೆ, ಅಷ್ಟೇ."

ಯಜಮಾನನ ಬಾಮೈದ ಸದ್ದಿಲ್ಲದೆ ಬಂದು ಅವಳ ಮುಂದೆ ನೀರಿನ ಲೋಟ ಇಟ್ಟ. ಆ ಒಳ್ಳೆಯತನ ಮೇಡಂ ಕಣ್ಣಿಗೆ ಬಿತ್ತು.

"ಪರೀಕ್ಷೆ ನಿಮ್ಮದಾ?"

"ಹೌದು ಮೇಡಂ. ಸಾಮಾನು ತರೋದೂ ನಾನೇ. ಪಂಪು ಸರಿಯಾಗೇ ಓಡಿತು."

"ಎಷ್ಟು ಹೊತ್ತು?"

"ಸ್ವಲ್ಪ ಹೊತ್ತು."

*

ಯಜಮಾನನ ಕೋಣೆಯಲ್ಲಿ ಮೇಡಂ ಟೇಪಿನ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದರು. ಪಂಪು ಕೆಡಿಸಬೇಕೆಂದಿದ್ದರೆ ಹೊಟ್ಟೆಯನ್ನು ಬೆಸೆಯದೆ ಬಿಟ್ಟರೆ ಸಾಕಿತ್ತು. ಇಷ್ಟು ನಾಜೂಕಾಗಿ ಟೇಪು ಕತ್ತರಿಸುವ ಪಾಡು ಯಾಕೆ? ಟೇಪು ತಡೆಯುವುದು ಬಿಸಿಯನ್ನು ಮಾತ್ರವಲ್ಲ, ಕರೆಂಟನ್ನೂ.

"ಈ ಹೊಟ್ಟೆಗೂ ಕರೆಂಟಿಗೂ ಸಂಬಂಧ ಇದೆಯಾ?"

"ಇದೆ. ಈ ಚಿಪ್ಪಿನ ಹೊಟ್ಟೆ ಒಳಗೇ ಗ್ರೌಂಡಿಗೆ, ಅಂದರೆ ಕರೆಂಟು ವಾಪಸು ಹೋಗೋ ಕಡೆಗೆ, ಸೇರಿದೆ. ಬೋರ್ಡಿನ ತಾಮ್ರವೂ ಗ್ರೌಂಡೇ. ಹಾಗಾಗಿ ಬೆಸೆದರೆ ಭಯವಿಲ್ಲ."

"ಎಲ್ಲ ಚಿಪ್ಪೂ ಹೀಗೇನಾ?"

"ಇಲ್ಲ. ಮೀಟರ್ ಇಟ್ಟು ನೋಡಬೇಕು. ಸೇರಿದ್ದರೆ ಕೀಂ ಅನ್ನುತ್ತೆ."

"ಈಗ ಬಳಸುತ್ತಿರೋ ಹೊಸ ಚಿಪ್ಪಿನ ಡಬ್ಬಿಯಿಂದ ಒಂದು ತರಿಸಿ."

ಯಜಮಾನ ಮೀಟರಿನ ಒಂದು ಮೊನೆಯನ್ನು ಹೊಟ್ಟೆಗೂ ಇನ್ನೊಂದನ್ನು ಅಂಚಿನ ತಂತಿಕಾಲುಗಳಲ್ಲಿ ಗ್ರೌಂಡಿನದಕ್ಕೂ ಇಟ್ಟ. ಸದ್ದಿಲ್ಲ. ಮೊನೆಯನ್ನು ಕರೆಂಟು ಬರುವ ಕಾಲಿಗೆ ಸರಿಸಿದ. ಕೀಂ. ಅವನ ಮುಖ ಬಿಳುಚಿತು.

"ಇದು ನಮ್ಮ ಚಿಪ್ಪೇ ಅಲ್ಲ. ಮೇಲೆ ಅಚ್ಚಾದ ನಂಬರು ಮಾತ್ರ ನಮ್ಮದು. ಇದನ್ನ ಬೋರ್ಡಿಗೆ ಬೆಸೆದರೆ ಸ್ವಿಚ್ ಹಾಕಿದ ಕೂಡಲೇ ಶಾರ್ಟ್. ಪಾಪ, ನನ್ನ ಬಾಮೈದನಿಗೆ ಅಂಗಡಿಯವನು ಟೋಪಿ ಹಾಕಿದ್ದಾನೆ."

"ಇರಬಹುದು," ಎಂದರು ಮೇಡಂ. "ಟೋಪಿ ಹಾಕಿಸಿಕೊಂಡವನಿಗೆ ಒಳಗಿನ ವಿಷಯ ಗೊತ್ತಿರಲ್ಲ. ನಿಮ್ಮ ಹತ್ತಿರ ಹಳೆಯ ಅಸಲಿ ಚಿಪ್ ಒಂದೆರಡಾದರೂ ಉಳಿದಿದೆಯಾ?"

*

ಎಲ್ಲರೂ ಮೇಜಿನ ಸುತ್ತ ಸೇರಿದರು. ನಡುವೆ ಒಂದು ಪಂಪು.

"ಇದರಲ್ಲಿ ಹೊಸ ಡಬ್ಬಿಯ ಚಿಪ್ ಇದೆ," ಎಂದರು ಮೇಡಂ. "ಯಜಮಾನರೇ ಬೆಸೆದಿದ್ದಾರೆ, ಟೇಪಿಲ್ಲದೆ. ಅಕ್ಕ, ಸ್ವಿಚ್ ಹಾಕಿ."

ಅಕ್ಕ ಹಿಂದೆಮುಂದೆ ನೋಡದೆ ಕೈ ಚಾಚಿದಳು. ಬಾಮೈದ ಮುನ್ನುಗ್ಗಿ ಅವಳ ಮಣಿಕಟ್ಟು ಹಿಡಿದ.

"ಬೇಡ ಅಕ್ಕ. ಹೊತ್ತಿಕೊಳ್ಳುತ್ತೆ, ಕೈ ಸುಟ್ಟೀತು."

ಮೇಡಂ ತಾವೇ ಸ್ವಿಚ್ ಹಾಕಿದರು. ಪಂಪು ಒಂದೇ ಸಮನೆ ಉಸಿರಾಡತೊಡಗಿತು.

"ಇದು ಅಸಲಿ ಚಿಪ್. ನಾನು ಸುಳ್ಳು ಹೇಳಿದೆ," ಎಂದರು. "ಹೊಟ್ಟೆ ಗ್ರೌಂಡು ಅಂತ ನಂಬಿದ ಅಕ್ಕನಿಗೆ ಹೆದರಿಕೆ ಇರಲಿಲ್ಲ. ಅವಳು ಟೇಪು ಹಾಕೋಕೆ ಕಾರಣವೇ ಇಲ್ಲ. ಹೆದರಿದ್ದು ನೀವೊಬ್ಬರೇ. ಅಕ್ಕ ಬೆಸೆದುಕೊಟ್ಟಿದ್ದು ನಿಮ್ಮ ಪರೀಕ್ಷೆಯಲ್ಲಿ ಶಾರ್ಟ್ ಆಯ್ತು. ಮೀಟರ್ ಇಟ್ಟಿರಿ, ಗೊತ್ತಾಯ್ತು. ಅದೇ ಡಬ್ಬಿಯ ಇನ್ನೊಂದು ಚಿಪ್ಪಿನ ಹೊಟ್ಟೆಗೆ ಅಕ್ಕನ ಮೇಜಿನ ಟೇಪು ಹಾಕಿ ನೀವೇ ಕೂರಿಸಿದಿರಿ. ಸ್ವಲ್ಪ ಹೊತ್ತು ಓಡಿತು, ಕಳಿಸಿಬಿಟ್ಟಿರಿ."

ಬಾಮೈದ ಅಕ್ಕನ ಮಣಿಕಟ್ಟು ಬಿಟ್ಟ. "ಅಸಲಿ ಚಿಪ್ಪಿಗೆ ಆರ್ಡರ್ ಹಾಕೋದು ಮರೆತಿದ್ದೆ. ಭಾವ ಬೈತಾರೆ ಅಂತ ಸಿಕ್ಕಿದ್ದನ್ನ ತಂದು ಮೇಲೆ ನಮ್ಮ ನಂಬರಿನ ಅಚ್ಚು ಹಾಕಿಸಿದೆ."

"ಮರೆತೆ ಅಂತ ಅವತ್ತೇ ಹೇಳಿದ್ರೆ ನಾಲ್ಕು ಬೈಗುಳದಲ್ಲಿ ಮುಗೀತಿತ್ತಲ್ಲೋ," ಎಂದಳು ಅಕ್ಕ. "ಈಗ ನನ್ನ ಕೈ ಕಾಪಾಡೋಕೆ ಹೋಗಿ ಸಿಕ್ಕಿಬಿದ್ದೆ."

ಕಾನ್‌ಸ್ಟೆಬಲ್ ಅವನನ್ನು ಕರೆದುಕೊಂಡು ಹೋದ. ಯಜಮಾನ ಅಕ್ಕನ ಮೇಜಿನೆದುರು ಕೈಮುಗಿದು ನಿಂತ. ಅಕ್ಕ ಬೆಸುಗೆಕಡ್ಡಿ ಬಿಸಿಗಿಟ್ಟು, ಅಸಲಿ ಚಿಪ್ಪೊಂದನ್ನು ಇಕ್ಕಳದಲ್ಲಿ ಎತ್ತಿಕೊಂಡಳು.

"ಕ್ಷಮೆ ಆಮೇಲೆ ಕೇಳಿ ಯಜಮಾನ್ರೇ. ಬೆಳಕಿಗೆ ಅಡ್ಡ ನಿಂತಿದೀರಿ. ಆಸ್ಪತ್ರೆಯವರು ಪಂಪಿಗೆ ಕಾಯ್ತಿದ್ದಾರೆ."

ಯಜಮಾನ ಪಕ್ಕಕ್ಕೆ ಸರಿದ.