ಹಳೇ ಮಷೀನಿಗೆ ತೆರೆದ ಬಾಗಿಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ದಾವಣಗೆರೆಯ ಸೈಬರ್ ಠಾಣೆಗೆ ಬಂದ ಮಹಾಂತೇಶ್ ಕುರ್ಚಿಯಲ್ಲಿ ಕೂರಲೇ ಇಲ್ಲ. ಎಸ್.ಎಸ್. ಬಡಾವಣೆಯಲ್ಲಿ ಅವರ ಸ್ಕ್ಯಾನಿಂಗ್ ಸೆಂಟರ್, ಹರಿಹರದಲ್ಲಿ ಅದರ ಶಾಖೆ. ಎರಡೂ ಕಡೆಯ ಸ್ಕ್ಯಾನುಗಳೆಲ್ಲ ಬಂದು ಸೇರುವ ಸ್ಟೋರೇಜ್ ಪೆಟ್ಟಿಗೆಗೆ ವೈರಸ್ ಹೊಕ್ಕು, ಒಂದು ಫೈಲೂ ತೆರೆಯದಂತೆ ಬೀಗ ಜಡಿದಿತ್ತು.

"ಲೋಕಿಕೆರೆ ನಾಗಕ್ಕಂಗೆ ಇವತ್ತು ತಲೆ ಆಪರೇಷನ್ ಇತ್ತು ಮೇಡಂ. ಹಳೇ ಸ್ಕ್ಯಾನ್ ನೋಡ್ದೆ ಕೈ ಹಚ್ಚಲ್ಲ ಅಂತಾರೆ ಡಾಕ್ಟ್ರು. ಆಕೆ ಮಗ ನನ್ನ ಕಾಲರ್ ಹಿಡಿದ. ನಮ್ಮೋರೇ ಯಾರೋ ದುಡ್ಡು ತಿಂದು ಮಾಡ್ಯಾರೆ."

ಇನ್‌ಸ್ಪೆಕ್ಟರ್ ಸ್ವಾತಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಹಾಲಸ್ವಾಮಿಯೊಂದಿಗೆ ಸೆಂಟರಿಗೆ ಹೋದಳು. ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಮುದಸ್ಸಿರ್ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ.

"ಪೆಟ್ಟಿಗೆಯಲ್ಲಿ ಹಳೇ ಪ್ರೊಟೋಕಾಲ್ ನಾನೇ ಬಂದ್ ಮಾಡಿದ್ದೆ ಮೇಡಂ. ಯಾರೋ ಮತ್ತೆ ಚಾಲೂ ಮಾಡ್ಯಾರೆ. ವೈರಸ್ ಅಲ್ಲಿಂದಲೇ ಹೊಕ್ಕೈತೆ."

"ಹಂಗಂದ್ರೆ?"

"ಮಷೀನುಗಳು ಒಂದಕ್ಕೊಂದು ಮಾತಾಡೋ ರೀತಿ. ಹಳೇದಕ್ಕೆ ಕಾವಲಿಲ್ಲ. ಒಳಗೆ ಬಂದೋರು ಯಾರು ಅಂತ ಸರಿಯಾಗಿ ಕೇಳಲ್ಲ."

"ನಮ್ಮ ಠಾಣೆ ಜೀಪಿನಂಗೆ," ಎಂದ ಹಾಲಸ್ವಾಮಿ. "ಯಾವ ಕೀಲಿ ಹಾಕಿದ್ರೂ ಸ್ಟಾರ್ಟ್."

"ಅದು ಯಾರಿಗೆ ಬೇಕಿತ್ತು?" ಎಂದಳು ಸ್ವಾತಿ.

"ಹರಿಹರದಾಗ ಹಳೇ ಸ್ಕ್ಯಾನ್ ಮಷೀನ್ ಐತೆ. ಅದಕ್ಕೆ ಅದೊಂದೇ ಪ್ರೊಟೋಕಾಲ್ ಗೊತ್ತು. ಅದ್ರಲ್ಲಿ ತೆಗೆದ ವಿಡಿಯೋ ಬೇರೆ ಕಡೆ ಓಡಲ್ಲ. ಆದ್ರೆ ಹೊಸ ಮಷೀನ್ ಬಂದ್ಮೇಲೆ ಅದನ್ನ ಯಾರೂ ಮುಟ್ಟಲ್ಲ."

ರೂಟರಿನ ದಾಖಲೆ ಬೇರೆಯದನ್ನೇ ಹೇಳಿತು. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಆ ಮಷೀನು ಪೆಟ್ಟಿಗೆಯಿಂದ ಒಂದೇ ಒಂದು ಫೈಲು ತರಿಸಿಕೊಳ್ಳುತ್ತಿತ್ತು. ಪ್ರೊಟೋಕಾಲ್ ಬದಲಾಗಿದ್ದು ಹರಿಹರದ ಟೆಕ್ನಿಷಿಯನ್ ಸ್ನೇಹಾಳ ಲಾಗಿನ್‌ನಿಂದ. ಮುದಸ್ಸಿರ್ ಬರುವ ಮೊದಲು ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವಳು ಅವಳೇ. ಆ ಲಾಗಿನ್ ತೆಗೆದುಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮಧ್ಯಾಹ್ನ ಹರಿಹರದ ಶಾಖೆಯ ಹಿಂದಿನ ಕೋಣೆಗೆ ಹೋದಾಗ ಮಷೀನು ಚಾಲೂ ಇತ್ತು. ಸ್ನೇಹಾ ಅದರ ಪಕ್ಕದಲ್ಲಿ, ಕಾಯುತ್ತಿದ್ದವಳಂತೆ ನಿಂತಿದ್ದಳು. ಬೂದು ಪರದೆಯ ನಡುವೆ ಕಾಳಿನಷ್ಟು ಪುಟ್ಟ ಹೃದಯವೊಂದು ಮಿಡಿಯುತ್ತಿತ್ತು.

"ವೈರಸ್ ಬಿಟ್ಟೋರು ಯಾರು?"

"ಗೊತ್ತಿಲ್ಲ ಮೇಡಂ. ಬಾಗಿಲು ಮಾತ್ರ ನಾನು ತೆಗೆದೆ."

"ಯಾಕ?"

"ಇದನ್ನ ನೋಡಾಕೆ."

"ಯಾರ ಮಗು?"

"ನಂದು."

ಮಗು ಏಳು ತಿಂಗಳಿಗೆ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅದರ ವಸ್ತು ಮನೆಯಲ್ಲಿ ಉಳಿದರೆ ಮತ್ತೆ ಬಸಿರು ನಿಲ್ಲುವುದಿಲ್ಲವೆಂದು ಅತ್ತೆ ಕಸ್ತೂರಮ್ಮ, ಹೊಲಿದಿಟ್ಟ ಕುಲಾವಿಯ ಜೊತೆ ಸ್ಕ್ಯಾನ್ ಚಿತ್ರಗಳನ್ನೂ ಗಂಟು ಕಟ್ಟಿ ಹೊಳೆಗೆ ಬಿಟ್ಟಿದ್ದರು.

"ಅತ್ತೆ ಕೆಟ್ಟೋರಲ್ಲ ಮೇಡಂ. ನನಗಿಂತ ಜಾಸ್ತಿ ಅತ್ತಾರೆ."

"ನೋಡಿ ಆದ್ಮೇಲೆ ಬಂದ್ ಮಾಡಬಾರದಿತ್ತಾ?"

"ಸೆಟ್ಟಿಂಗ್ ಬದಲಾಯಿಸಿದಾಗೆಲ್ಲ ಎರಡೂ ಕಡೆ ಕೆಲಸ ನಿಲ್ತೈತೆ. ಎಲ್ರೂ ಯಾಕಂತ ಕೇಳ್ತಾರೆ. ದಿನಾ, ನಾಳೆ ಬಂದ್ ಮಾಡೋಣ ಅಂದ್ಕೊಂಡೆ."

"ಮೊಬೈಲಿನಾಗ ತಕ್ಕೊಳ್ಳಬೇಕಿಲ್ಲೇನಮ್ಮ?" ಎಂದ ಹಾಲಸ್ವಾಮಿ.

"ತಕ್ಕೊಂಡಿದ್ದೆ. ಸಾಕಿನ್ನು ಅಂತ ನಮ್ಮನೆಯೋರು ಅಳಿಸಿದ್ರು. ಇವತ್ತು ಮೊಬೈಲೇ ಇಲ್ಲ, ಬೆಳಿಗ್ಗೆ ಮಹಾಂತೇಶ್ ಸಾಹೇಬ್ರು ಎಲ್ಲಾರ್ದೂ ಇಸ್ಕೊಂಡ್ರು." ಅವಳು ಪರದೆಯನ್ನು ಮುಚ್ಚುವಂತೆ ನಿಂತಳು. "ಪೆಟ್ಟಿಗೆಯಲ್ಲಿದ್ದದ್ದಕ್ಕೆ ಬೀಗ ಬಿತ್ತು. ಇದು ಶನಿವಾರ ತೆರೆದದ್ದು, ಆಫ್ ಮಾಡಿಲ್ಲ. ಆಫ್ ಮಾಡಿದ್ರೆ ಹೋತು."

ಮಷೀನನ್ನು ಜಪ್ತಿ ಮಾಡಲೇಬೇಕಿತ್ತು. ಪಂಚರನ್ನು ಕರೆಸಿದ ಸ್ವಾತಿಗೆ ಒಂದು ದಾರಿ ಹೊಳೆಯಿತು. ಕಾನೂನಿನಂತೆ ಪಂಚನಾಮೆಯನ್ನು ವಿಡಿಯೋ ಮಾಡಬೇಕು. ಮುಂದೆ ಅದರದೊಂದು ಪ್ರತಿ ಆರೋಪಿಗೂ ಸಿಗುತ್ತದೆ. "ಹಾಲಸ್ವಾಮಿ, ಮೊದಲು ಪರದೆ ತೆಗೀರಿ. ಚೆನ್ನಾಗಿ ತೆಗೀರಿ," ಎಂದಳು. ಸ್ನೇಹಾ ಚಕ್ಕನೆ ಅವಳ ಮುಖ ನೋಡಿದಳು. ಹಾಲಸ್ವಾಮಿ ಮೊಬೈಲ್ ಹಿಡಿದು ಬಹಳ ಹೊತ್ತು ಅಲ್ಲಾಡದೆ ನಿಂತ. ಆಮೇಲೆ ಸ್ವಾತಿ ತಾನೇ ಪ್ಲಗ್ ಕಿತ್ತಳು.

ಸಂಜೆ ಐದಕ್ಕೆ, ಐಟಿ ಕಾಯ್ದೆಯ ಕಲಂ 66ರಡಿ ಸ್ನೇಹಾಳನ್ನು ಬಂಧಿಸಲಾಯಿತು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವಲ್ಲಿ ಸ್ವಾತಿ, 'ತೀರಿಕೊಂಡ ತನ್ನ ಮಗುವನ್ನು ನೋಡಲು' ಎಂದು ಬರೆದಳು. ನಂತರ ವಿಡಿಯೋ ಹಾಕಿದಳು. ಕತ್ತಲೆ ಕೋಣೆಯೆಂದು ಹಾಲಸ್ವಾಮಿ ಮೊಬೈಲಿನ ಲೈಟ್ ಹಚ್ಚಿಕೊಂಡಿದ್ದ. ಪರದೆಯ ಗಾಜಿನಲ್ಲಿ ಆ ಲೈಟೇ ಹೊಳೆದು, ಮಿಡಿತವಿದ್ದ ಜಾಗದಲ್ಲಿ ಬೆಳ್ಳನೆಯ ದುಂಡು ಬೆಳಕು ಬಿಟ್ಟು ಏನೂ ಇರಲಿಲ್ಲ.

"ಪಂಚರ ಮುಖ ಚೆಂದ ಬಂದಾವಲ್ಲ ಮೇಡಂ," ಎಂದ ಹಾಲಸ್ವಾಮಿ.

ಠಾಣೆಯ ಒಳಗಿನ ಕೋಣೆಯಲ್ಲಿ ಮಹಿಳಾ ಪೇದೆಯ ಪಕ್ಕ ಕೂತಿದ್ದ ಸ್ನೇಹಾ ಎದ್ದು ನಿಂತಳು. "ಬಂದೈತಾ ಮೇಡಂ?"

"ಇಲ್ಲಮ್ಮ."

ಅವಳು ಮೆಲ್ಲಗೆ ಕೂತಳು. "ಅತ್ತೆ ಬರ್ತಾರೆ," ಎಂದಳು. "ಮಗು ನೋಡಾಕೆ ಮಾಡಿದ್ಲು ಅಂತ ಹೇಳ್ಬ್ಯಾಡ್ರಿ. ದುಡ್ಡಿಗೆ ಮಾಡಿದ್ಲು ಅನ್ರಿ."