ಅವನಿಗಾಗಿ ಇಟ್ಟ ಬಳೆ

“ಗೆದ್ದೇವಿ ತಂಗಿ! ಪರೋಲ್ ಇಲ್ಲ ಅಂದಿದ್ರಲ್ಲ, ಆ ಆರ್ಡರ್ ಹೈಕೋರ್ಟ್ ರದ್ದ ಮಾಡೇತಿ. ಆದ್ರ...”

ಸವಣೂರಿನ ವಕೀಲ ಬಂದೇಸಾಬರು ಫೋನಿನಲ್ಲಿ ಇನ್ನೂ ಏನೋ ಹೇಳುತ್ತಿದ್ದರು. ನನಗೆ ಗೆದ್ದದ್ದಷ್ಟೇ ಸಾಕಾಗಿತ್ತು. ಶಿಗ್ಗಾಂವಿ ಬಸ್ ಸ್ಟ್ಯಾಂಡಿನಿಂದ ನೇರ ಬಳೆ ಅಂಗಡಿಗೆ ಹೋಗಿ, ಮದುಮಗಳ ಹಾಗೆ ಕೈತುಂಬ ಹಸಿರು ಬಳೆ ಇಟ್ಟುಕೊಂಡೆ.

“ಲಗ್ನ ಯಾವಾಗವಾ?” ಬಳೆಗಾರ್ತಿ ಕೇಳಿದಳು.

“ಅವರು ಬಂದ ಕೂಡ್ಲೆ.” ತಲೆ ಎತ್ತಲಾಗಲಿಲ್ಲ.

ಬದುವಿನ ಜಗಳದಲ್ಲಿ ಒಂದು ಜೀವ ಹೋಗಿ, ಫಕ್ಕೀರೇಶನಿಗೆ ಜೀವಾವಧಿಯಾಗಿತ್ತು. ನಮ್ಮ ಮದುವೆಗೆಂದು ಪರೋಲ್ ಕೇಳಿದ್ದ. ಜೈಲಿನವರು ಕಾರಣ ಹೇಳದೆ ಇಲ್ಲ ಎಂದಿದ್ದರು. ಅಪ್ಪನದು ಒಂದೇ ಮಾತು: “ಉಗಾದಿ ಒಳಗ ಬಂದು ತಾಳಿ ಕಟ್ಟಿದ್ರ ಸರಿ. ಇಲ್ಲಾಂದ್ರ ನಿನ್ನ ಕೇಳಾಕತ್ತಿರೋ ಹಂಸಭಾವಿಯವರಿಗೆ ಹ್ಞೂಂ ಅಂತೇನಿ.”

ಜೈಲಿನ ಭೇಟಿಗೆ ದಿನ ಸಿಗುವಷ್ಟರಲ್ಲಿ ವಾರಗಳೇ ಕಳೆದವು. ಯಾವಾಗ ಬಿಡುತ್ತಾರೆಂದು ವಕೀಲರನ್ನು ಕೇಳಲು ನಾಚಿಕೆ.

ತಂತಿ ಜಾಳಿಗೆಯ ಆಚೆ ನಿಂತವನು ಮೊದಲು ಮುಖ ನೋಡಿದ, ಆಮೇಲೆ ಕೈ. ಓಢಣಿಯೊಳಗೆ ಮುಚ್ಚಿದೆ. ಬಳೆ ಸುಮ್ಮನಿರಲಿಲ್ಲ.

“ಬಾಯಿ ಎಂದೂ ಮಾತಾಡ್ಲಿಲ್ಲ. ಈಗ ಕೈ ಮಾತಾಡಾಕತ್ತಾವಲ್ಲ!”

ತುಟಿಯ ಒಂದೇ ಕಡೆಗೆ ಬರುವ ಆ ನಗು. ಅದಕ್ಕಾಗಿಯೇ ಅವನ ಹೊಲದ ದಾರಿ ಹಿಡಿದು ನೀರಿಗೆ ಹೋಗುತ್ತಿದ್ದೆ.

“ಯಾವಾಗ ಬಿಡ್ತಾರ?”

ನಗು ಇಳಿಯಿತು. “ವಕೀಲರು ಪೂರಾ ಹೇಳಿಲ್ಲೇನ? ಕೋರ್ಟು ಬಿಡ್ರಿ ಅಂದಿಲ್ಲ, ಶೈಲಾ. ಕಾರಣ ಕೊಟ್ಟಿಲ್ಲ, ಮತ್ತೊಮ್ಮೆ ವಿಚಾರ ಮಾಡ್ರಿ ಅಂದೇತಿ.”

“ಮಾಡ್ಲಿ.”

“ಮಾಡಿದ್ರು. ಈ ಸಲ ಕಾರಣ ಕೊಟ್ಟಾರ. ನಾ ಬಂದ್ರ ಊರಾಗ ಮತ್ತ ಹೊಡೆದಾಟ ಆಕ್ಕತಂತ.”

“ಮತ್ತ ಕೋರ್ಟಿಗೆ ಹೋಗೂಣು.”

“ಉಗಾದಿ ಮುಂದಿನ ವಾರ ಐತಿ. ಅಷ್ಟರಾಗ ನನ್ನ ಕೇಸ್ ಯಾರ್ ಕೂಗ್ತಾರ?”

ಜಾಳಿಗೆಗೆ ಬೆರಳೊತ್ತಿದೆ. ಅವನೂ ಒತ್ತಿದ. ಉಗುರಿನಷ್ಟು ತಾಗಿತು.

“ನೀ ಅಂದ್ರ ನನಗ ಜೀವ,” ಎಂದೆ. ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

“ಗೊತ್ತೈತಿ.” ಅವನು ಬೆರಳು ಹಿಂದಕ್ಕೆ ತೆಗೆದ. “ಬಳಿ ತಗದಬಿಡು.”

ತೆಗೆಯಲಿಲ್ಲ. ಯುಗಾದಿ ಬಂತು, ಹೋಯಿತು.

ಮರುದಿನವೇ ಹಂಸಭಾವಿಯವರು ಬಂದರು. ಅಡಿಗೆಮನೆಯಲ್ಲಿ ನಿಂತು ಮೊದಲ ಬಳೆ ಕಳಚಿದೆ. ಅವ್ವ ಕೈ ಹಿಡಿದಳು.

“ಹಸರ ಬಳಿ ತಗೀಬಾರದವ್ವ. ಹೆಂಗೂ ಇಟ್ಟೀ. ಇವೇ ಇರ್ಲಿ.”

ಕಳಚಿದ್ದನ್ನು ಅವಳೇ ಮತ್ತೆ ಏರಿಸಿ, ಕೈಗೆ ಚಹಾದ ತಟ್ಟೆ ಕೊಟ್ಟಳು.

ಕಪ್ಪು ಇಡುವಾಗ ಬಳೆ ಸದ್ದಾಯಿತು. ಹಂಸಭಾವಿಯ ಹುಡುಗ ತಲೆಯೆತ್ತಿ, ಬಾಯ್ತುಂಬ ನಕ್ಕ.

“ತಯಾರಾಗೇ ಕುಂತಾರಲ್ರಿ!”